ಅತ್ತೆಯ ಮುಷ್ಟಿಯಲ್ಲಿದ್ದ ಕಾಮಾಲೆ ಮದ್ದು

ನಮ್ಮ ಕಡೆ ಬಸ್ಸಿನಲ್ಲಿ ಕೂತು ಒಂದು ಸಲ ಸೀನಿದರೆ ಸಾಕು, ಪಕ್ಕದಲ್ಲಿದ್ದವರು ಒಂದು ಸೊಪ್ಪು ಹೇಳುತ್ತಾರೆ. ತುಂಬೆಯ ರಸ ಬಿಡಿ ಎನ್ನುತ್ತಾರೆ ಒಬ್ಬರು. ನೆಕ್ಕಿ ಸೊಪ್ಪು ಕುದಿಸಿ ಹಬೆ ತೆಗೆದುಕೊಳ್ಳಿ ಎನ್ನುತ್ತಾರೆ ಹಿಂದಿನ ಸೀಟಿನವರು. ಇಳಿಯುವ ಜಾಗ ಬಂದರೂ ಅವರ ಮದ್ದು ಮುಗಿಯುವುದಿಲ್ಲ. ಅದೇ, ಮದ್ದು ಕೊಡುವುದನ್ನೇ ಕೆಲಸ ಮಾಡಿಕೊಂಡವರ ಬಾಯಿ ತೆರೆಸಿ ನೋಡಿ, ಒಂದು ಜನ್ಮ ಬೇಕು. ನನ್ನದು ಅರ್ಧ ಜನ್ಮ ಅದರಲ್ಲೇ ಹೋಯಿತು. ಹೋಗುವ ದಾರಿಯಲ್ಲಿ ನಗುವಂಥದ್ದು ಬೇಕಾದಷ್ಟು ನಡೆಯಿತು. ಆಗ ನಗು ಬರಲಿಲ್ಲ, ಈಗ ಹಲ್ಲು ಹೋದ ಮೇಲೆ ಬರುತ್ತದೆ.

ಆರು ಬಗೆ ಸೊಪ್ಪು

ನಾನು ಮದುವೆಯಾಗಿ ಅಲೆವೂರಿಗೆ ಬಂದದ್ದು ಮಣಿಪಾಲದ ಗುಡ್ಡದ ಮೇಲೆ ಒಂದೊಂದೇ ಕಟ್ಟಡ ಏಳುತ್ತಿದ್ದ ಕಾಲದಲ್ಲಿ. ನಮ್ಮವರಿಗೆ ಅಲ್ಲೇ ಮೇಲೆ ಒಂದು ಹೊಲಿಗೆ ಅಂಗಡಿ. ಮನೆಯಲ್ಲಿ ಇದ್ದದ್ದು ಅತ್ತೆ. ಸುತ್ತಲಿನ ಊರಿಗೆಲ್ಲ ಅವರು ಕಾಮಾಲೆಯ ಅಮ್ಮ. ಕಣ್ಣು ಹಳದಿಯಾದವರು ಉಡುಪಿಯಿಂದ, ಪಡುಬಿದ್ರಿಯಿಂದ, ಅತ್ತ ಹೆಬ್ರಿಯಿಂದ ಕೂಡ ಬಸ್ಸು ಹಿಡಿದು ಬರುತ್ತಿದ್ದರು. ಮದ್ದು ಅತ್ತೆಗೆ ಅವರ ತಾಯಿಯಿಂದ ಬಂದದ್ದು, ಕಾರ್ಕಳದ ತವರಿನಿಂದ.

ಬಂದವರು ಅಂಗಳದಾಚೆ ಚಪ್ಪಲಿ ಬಿಟ್ಟು, ಬಾಳೆಹಣ್ಣನ್ನು ಜಗಲಿಯಲ್ಲಿಟ್ಟು, ದನಿ ತಗ್ಗಿಸಿ "ಅಮ್ಮಾ" ಎನ್ನುತ್ತಿದ್ದರು. ಆ ದನಿ ಕೇಳಿದರೆ ನಾನು ಅರೆಯುವುದನ್ನು ನಿಲ್ಲಿಸಿ ಕಿವಿ ಕೊಡುತ್ತಿದ್ದೆ. ಏಕೆಂದರೆ ನನ್ನನ್ನು ಆ ಮನೆಯಲ್ಲಿ ಯಾರೂ ಏನೂ ಕರೆಯುತ್ತಿರಲಿಲ್ಲ. ನಾನು ಅರೆಯುವವಳು, ಅಷ್ಟೆ. ಈ ಮದ್ದು ಒಂದು ನನ್ನ ಕೈಗೆ ಬಂದರೆ ನನ್ನನ್ನೂ ನಾಲ್ಕು ಜನ ಹೀಗೆ ಕರೆದಾರು, ಈ ಮನೆಯಲ್ಲಿ ನಾನೂ ಒಂದು ಜನ ಆದೇನು ಎಂಬ ಆಸೆ ನನಗೆ. ಅದಕ್ಕಿಂತ ದೊಡ್ಡ ಆಸೆ ನಾನು ಪಟ್ಟವಳಲ್ಲ.

ಅತ್ತೆ ಬೆಳಿಗ್ಗೆ ಬೇಗ ಹಿಂದಿನ ಗುಡ್ಡಕ್ಕೆ ಹೋಗಿ ಸೆರಗಿನಲ್ಲಿ ಸೊಪ್ಪು ತರುವುದು. ಅರೆಯುವ ಕಲ್ಲಿನ ಮೇಲೆ ಒಂದು ಮುಷ್ಟಿ ಸುರಿದು "ಅರೆ" ಎನ್ನುವುದು. ಮುಷ್ಟಿಯಲ್ಲಿ ಆರು ಬಗೆ. ನೆಲನೆಲ್ಲಿ, ತಿಮರೆ, ತುಂಬೆ, ನಾಚಿಕೆಮುಳ್ಳು, ಅಮೃತಬಳ್ಳಿಯ ಎಲೆ, ಗರಿಕೆ. ಮದ್ದು ಇದರಲ್ಲಿ ಒಂದು ಮಾತ್ರ, ಉಳಿದದ್ದು ನೋಡುವವರ ಕಣ್ಣಿಗೆ ಮಣ್ಣು ಹಾಕಲಿಕ್ಕೆ. ಹೀಗೆ ಬೆರೆಸುವುದು ನಮ್ಮ ಕಡೆಯ ಮದ್ದಿನವರ ಕ್ರಮ.

"ಇದರಲ್ಲಿ ಮದ್ದು ಯಾವುದು ಅತ್ತೆ?" ಎಂದು ಕೇಳಿದೆ.

"ಹೇಳಿದರೆ ಗುಣ ಹೋಗುತ್ತದೆ."

"ಅರೆಯುವವಳು ನಾನೇ ಅಲ್ವಾ?"

"ಅರೆಯುವ ಕಲ್ಲಿಗೂ ನಾನು ಹೇಳಿಲ್ಲ" ಎಂದರು.

ನಮ್ಮಲ್ಲಿ ಬಳಿ, ಎಂದರೆ ಕುಲ, ತಾಯಿಯಿಂದ ಮಕ್ಕಳಿಗೆ ಬರುವುದು. ಅತ್ತೆಯ ಮಗಳು ಅತ್ತೆಯ ಬಳಿಯವಳು, ನಾನು ಬೇರೆ ಬಳಿಯವಳು. ಅಂದ ಮೇಲೆ ಮದ್ದು ಮಗಳಿಗೆ ಹೋಗಬೇಕು, ಸೊಸೆಗೆ ಬರಬಾರದು. ಬಾರದಿದ್ದರೆ ನಾನೇ ಹುಡುಕಿಕೊಳ್ಳುತ್ತೇನೆ ಎಂದು ಹೊರಟೆ. ಶಾಲೆಯ ಮೆಟ್ಟಿಲು ಹತ್ತಿದವಳಲ್ಲದಿದ್ದರೂ ಉಪಾಯ ಹೊಳೆಯಿತು. ಒಬ್ಬೊಬ್ಬರ ಸರದಿಗೆ ಒಂದೊಂದು ಸೊಪ್ಪನ್ನು ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದು, ಉಳಿದದ್ದನ್ನು ಅರೆಯುವುದು. ಯಾರಿಗೆ ಇಳಿಯುವುದಿಲ್ಲವೋ ಅವರ ಸೊಪ್ಪೇ ಮದ್ದು. ಆಮೇಲೆ ಅವರಿಗೆ ಸರಿಯಾಗಿ ಅರೆದು ಕೊಟ್ಟರಾಯಿತು.

ಮೊದಲು ನೆಲನೆಲ್ಲಿ ತೆಗೆದೆ. ಉಡುಪಿಯ ಹೋಟೆಲಿನ ಒಬ್ಬ ಮಾಣಿ, ಗುಣವಾದ. ತಿಮರೆ ತೆಗೆದೆ, ಗುಣವಾಯಿತು. ತುಂಬೆ, ನಾಚಿಕೆಮುಳ್ಳು, ಅಮೃತಬಳ್ಳಿ, ಗರಿಕೆ, ಯಾವುದನ್ನು ತೆಗೆದರೂ ಎಲ್ಲರಿಗೂ ಗುಣ. ಅತ್ತೆಗೆ ನನ್ನ ಉಪಾಯ ಗೊತ್ತಾಗಿ ಮುಷ್ಟಿಗೆ ಎರಡು ಮದ್ದು ಹಾಕಲು ಶುರುಮಾಡಿದ್ದಾರೆ ಎಂದು ನಾನು ತೀರ್ಮಾನಿಸಿದೆ. ಎರಡೆರಡು ತೆಗೆದೆ. ಆಮೇಲೆ ಮೂರು. ಕೊನೆಗೆ ಒಬ್ಬ ಅಕ್ಕಸಾಲಿಗನಿಗೆ ಹೋದದ್ದು ಬರೀ ಗರಿಕೆ, ನಮ್ಮ ಹಸು ಕೂಡ ಅದನ್ನು ಮದ್ದು ಎಂದು ತಿನ್ನುವುದಿಲ್ಲ. ಅವನು ಗುಣವಾಗಿ, ಒಂದಕ್ಕೆರಡು ಬಾಳೆಹಣ್ಣಿನ ಚಿಪ್ಪು ತಂದು ಅತ್ತೆಯ ಕಾಲಿಗೆ ಬಿದ್ದ.

"ಹೋದ ಸಲ ನನ್ನ ಅಣ್ಣನಿಗೆ ಕೊಟ್ಟದ್ದಕ್ಕಿಂತ ಈ ಮದ್ದು ಬಹಳ ಜೋರು ಇತ್ತು ಅಮ್ಮ" ಎಂದ.

ಕೆಂಪು ಬಟ್ಟೆ

ಮಗಳು ಒಲ್ಲೆ ಎಂದರೆ ಮದ್ದನ್ನು ಮಗನಿಗೆ ಕೊಡಬಹುದು, ಗಂಡಸಿನ ಕೈಯಲ್ಲಿ ಗುಣ ಸ್ವಲ್ಪ ಕಡಿಮೆ, ಅಷ್ಟೆ ಎಂದು ಅತ್ತೆ ಆಗಾಗ ಹೇಳುತ್ತಿದ್ದರು. ಮಗ ಎಂದರೆ ನಮ್ಮವರು. ಅವರಿಗೆ ಸಿಕ್ಕಿದರೆ ನನಗೆ ಸಿಕ್ಕಿದ ಹಾಗೆಯೇ ಎಂದು ನಾನು ಒಳಗೊಳಗೇ ಖುಷಿಪಟ್ಟೆ.

ಮಳೆಗಾಲದ ಆಟಿ ತಿಂಗಳ ಅಮಾವಾಸ್ಯೆಯ ದಿನ ನಾವು ಖಾಲಿ ಹೊಟ್ಟೆಗೆ ಹಾಲೆ ಮರದ ತೊಗಟೆಯ ಕಷಾಯ ಕುಡಿಯುತ್ತೇವೆ. ಸೂರ್ಯ ಹುಟ್ಟುವ ಮೊದಲು ಗಂಡಸರು ಹೋಗಿ ಕಲ್ಲಿನಿಂದ ಜಜ್ಜಿ ತೊಗಟೆ ತೆಗೆಯಬೇಕು, ಕತ್ತಿ ತಾಗಿಸಬಾರದು. ಕತ್ತಲೆಯಲ್ಲಿ ಮರ ತಪ್ಪಿದರೆ ಕಷ್ಟ. ಅದರ ಪಕ್ಕದಲ್ಲೇ ಕಾಸರಕ ಇರುತ್ತದೆ, ಅದು ವಿಷ. ಆದ್ದರಿಂದ ಹಿಂದಿನ ದಿನವೇ ಹೋಗಿ ಹಾಲೆ ಮರಕ್ಕೆ ಒಂದು ಗುರುತು ಕಟ್ಟಿ ಬರುವುದು ವಾಡಿಕೆ. ನಮ್ಮವರು ಅಂಗಡಿಯಿಂದ ಕೆಂಪು ಬಟ್ಟೆಯ ಒಂದು ಚೂರು ತಂದು ಮಧ್ಯಾಹ್ನವೇ ಕಟ್ಟಿ ಬಂದರು. ಅವರಿಗೆ ಅಷ್ಟು ಜವಾಬ್ದಾರಿ ಉಂಟೆಂದು ನಾನು ಎಣಿಸಿರಲಿಲ್ಲ.

ಮರುದಿನ ತೊಗಟೆ ತಂದರು. ನಾನು ಕಾಳುಮೆಣಸು, ಬೆಳ್ಳುಳ್ಳಿ, ಓಮ ಎಲ್ಲ ತೆಗೆದಿಟ್ಟಿದ್ದೆ. ಕಷಾಯಕ್ಕೆ ಹಾಕಿ ಒಗ್ಗರಣೆ ಕೊಡುವ ಬಿಳಿ ಕಲ್ಲು ಒಲೆಯಲ್ಲಿ ಕಾಯುತ್ತಿತ್ತು. ಅತ್ತೆ ತೊಗಟೆಯನ್ನು ದೀಪದ ಹತ್ತಿರ ಹಿಡಿದು, ಉಗುರಿನಿಂದ ಕೆರೆದು ಕೇಳಿದರು.

"ಎಲ್ಲಿ ತೆಗೆದೆ ಮಗಾ?"

"ಗುರುತು ಕಟ್ಟಿದ ಮರದಲ್ಲೇ."

"ಹಸಿ ಹಾಲೆ ತೊಗಟೆಯಲ್ಲಿ ಹಾಲು ಬರಬೇಕು. ಇದರಲ್ಲಿ ಎಲ್ಲಿ ಉಂಟು?"

ಬೆಳಕಾದ ಮೇಲೆ ಮೂವರೂ ಹೋಗಿ ನೋಡಿದೆವು. ಗುಡ್ಡದ ಆ ಮಗ್ಗುಲಿನ ಅರ್ಧ ಮರಗಳಿಗೆ ಕೆಂಪು ಬಟ್ಟೆ. ಹಾಲೆಗೂ, ಕಾಸರಕಕ್ಕೂ, ಹಲಸಿಗೂ. ಕಟ್ಟಡ ಕಟ್ಟಿಸುವ ಕಂಟ್ರಾಕ್ಟರನ ಆಳುಗಳು ಸಂಜೆ ಬಂದು, ಕಡಿಯಬೇಕಾದ ಮರಗಳಿಗೆಲ್ಲ ಗುರುತು ಹಾಕಿ ಹೋಗಿದ್ದರು. ನಮ್ಮವರು ಜಜ್ಜಿದ್ದು ಕಾಸರಕವನ್ನು.

ಅತ್ತೆ ಮಗನ ಮುಖ ನೋಡಿ ಹೇಳಿದರು, "ಇದನ್ನು ಕುಡಿದಿದ್ದರೆ ಮುಂದಿನ ಆಟಿಯಲ್ಲಿ ಸತ್ತವರಿಗೆ ಬಡಿಸುವಾಗ ನಮ್ಮ ಮೂವರಿಗೂ ಎಲೆ ಹಾಕಬೇಕಿತ್ತು. ಹಾಕುವವರು ಯಾರು ಎಂಬುದೊಂದು ಪ್ರಶ್ನೆ." ಮಗನಿಗೆ ಮದ್ದು ಹೇಳುವ ಮಾತು ಅಲ್ಲಿಗೆ ನಿಂತಿತು.

ಕೆಲವೇ ದಿನಗಳಲ್ಲಿ ಅಷ್ಟೂ ಮರ ಉರುಳಿತು. ಮರದಡಿಯ ಬಳ್ಳಿ, ಗೆಡ್ಡೆ, ಸೊಪ್ಪು ಎಲ್ಲ ಮಣ್ಣಾಯಿತು. ನಾನು ಮಾತ್ರ ಒಂದು ವಿಷಯ ಬಿಡಲಿಲ್ಲ. "ಅವರ ಬಟ್ಟೆಯೂ ನಿಮ್ಮ ಬಟ್ಟೆಯೂ ಒಂದೇ ಕೆಂಪು ಹೇಗಾಯಿತು ಮಾರಾಯ್ರೆ?" ಎಂದು ಕೇಳಿದೆ.

ನಮ್ಮವರು ತಲೆ ಕೆರೆದುಕೊಂಡರು. "ಅವತ್ತು ಬೆಳಿಗ್ಗೆ ಒಬ್ಬ ಅಂಗಡಿಗೆ ಬಂದು ಒಂದು ರಾಶಿ ಹರಿಸಿಕೊಂಡು ಹೋಗಿದ್ದ. ಎಂತಕ್ಕೆ ಎಂದು ಕೇಳಿದೆ, ಗುಡ್ಡದ ಮರಗಳಿಗೆ ಕಟ್ಟಲಿಕ್ಕೆ ಎಂದ. ನಮ್ಮ ಹಾಗೆಯೇ ಭಕ್ತಿ ಇದ್ದವನು ಎಂದು ಸ್ವಲ್ಪ ಹೆಚ್ಚೇ ಹರಿದು ಕೊಟ್ಟೆ."

ಕಾಪುವಿನಿಂದ ಬಂದ ವಾರಸುದಾರಳು

ಉಳಿದದ್ದು ಮಗಳು, ಎಂದರೆ ನನ್ನ ನಾದಿನಿ. ಅವಳನ್ನು ಕೊಟ್ಟದ್ದು ಕಾಪುವಿಗೆ. ಗಂಡ ದುಬೈಗೆ ಹೋದ ಮೇಲೆ ಅವಳ ನೈಲಾನ್ ಸೀರೆಗೆ ಇಸ್ತ್ರಿ ಬೇಕಾಗುತ್ತಿರಲಿಲ್ಲ, ಚಪ್ಪಲಿಗೆ ಒಂದು ಗೇಣು ಹಿಮ್ಮಡಿ ಬಂದಿತ್ತು. ಅತ್ತೆ ಹೇಳಿಕಳಿಸಿ, ಕಳಿಸಿ, ಕೊನೆಗೆ ಒಂದು ದಿನ ಅವಳು ಮದ್ದು ಕಲಿಯಲು ಬಂದಳು.

ಅವತ್ತು ಅತ್ತೆ ನನ್ನನ್ನು ಅಡುಗೆಮನೆಯೊಳಗೆ ಕಳಿಸಿ ಹೊರಗಿನಿಂದ ಚಿಲಕ ಹಾಕಿದರು. ನಾನು ಹಿಂದೆಯೇ ಬಂದೇನು ಎಂದು. ಕಿಟಕಿಯಿಂದ ನೋಡಿದರೆ ಅತ್ತೆಯ ಸೆರಗು ಮುಂದೆ, ಇವಳ ಹಿಮ್ಮಡಿ ಹಿಂದೆ, ಗುಡ್ಡ ಹತ್ತುವುದು ಕಾಣುತ್ತಿತ್ತು. ನನ್ನ ಎಷ್ಟೋ ವರ್ಷದ ಕನಸು ಹಿಮ್ಮಡಿಯ ಚಪ್ಪಲಿ ಹಾಕಿಕೊಂಡು ಹೋಗುತ್ತಿದೆ ಎನಿಸಿ ಕಿಟಕಿ ಬಿಟ್ಟು ಕದಲಲಿಲ್ಲ. ಒಲೆಯ ಮೇಲಿನ ಹುರುಳಿ ಸೀದುಹೋಯಿತು.

ಸ್ವಲ್ಪ ಹೊತ್ತಿನಲ್ಲಿ ಬೊಬ್ಬೆ ಕೇಳಿತು. ನಾದಿನಿಗೆ ಬೆವರಿದೆ, ಕರವಸ್ತ್ರ ತಂದಿಲ್ಲ, ಕೈಗೆ ಸಿಕ್ಕಿದ ಅಗಲ ಎಲೆ ಕಿತ್ತು ಮುಖ ಒರೆಸಿಕೊಂಡಿದ್ದಾಳೆ. ಅದು ತುರಿಕೆ ಸೊಪ್ಪು. ಮನೆ ತಲುಪುವಾಗ ಮುಖ ಉಬ್ಬಿ ಕಣ್ಣೇ ಕಾಣುತ್ತಿರಲಿಲ್ಲ. ತೆಂಗಿನೆಣ್ಣೆ ಅಡುಗೆಮನೆಯಲ್ಲಿತ್ತು, ಅಡುಗೆಮನೆಯಲ್ಲಿ ನಾನಿದ್ದೆ. ಚಿಲಕ ತೆಗೆಯಲೇಬೇಕಾಯಿತು. ಎಣ್ಣೆ ಹಚ್ಚಿದವಳೂ ನಾನೇ.

"ನನಗೆ ಈ ಮದ್ದು ಬೇಡ ಅಮ್ಮ. ಕಾಪುವಿನಲ್ಲಿ ಡಾಕ್ಟ್ರು ಇದ್ದಾರೆ" ಎಂದಳು ನಾದಿನಿ.

"ನಾಲ್ಕು ತಲೆಯಿಂದ ಬಂದದ್ದು ಮಗಾ."

"ನಾಲ್ಕು ತಲೆಯಿಂದ ನಿನ್ನ ಚಿನ್ನದ ಅವಲಕ್ಕಿ ಸರವೂ ಬಂದಿದೆ ಅಲ್ವಾ? ಅದನ್ನು ಕೊಡು. ಅದಕ್ಕೆ ಗುಡ್ಡ ಹತ್ತಬೇಕಾಗಿಲ್ಲ."

ಅತ್ತೆ ಪೆಟ್ಟಿಗೆ ತೆರೆದು ಕೊಟ್ಟರು. ನಾನು ಎಣ್ಣೆ ಕೈ ಒರೆಸಿಕೊಳ್ಳುತ್ತಾ ಅಲ್ಲೇ ನಿಂತಿದ್ದೆ. ನನ್ನ ಕುತ್ತಿಗೆಯಲ್ಲಿ ಕರಿಮಣಿ ಬಿಟ್ಟರೆ ಬೇರೆ ಇರಲಿಲ್ಲ. ಸರ ಹೋದರೆ ಹೋಗಲಿ ಎಂದು, "ಹಾಗಾದರೆ ಇನ್ನು ಉಳಿದವಳು ನಾನೊಬ್ಬಳೇ ಅಲ್ವಾ ಅತ್ತೆ?" ಎಂದೆ.

"ಉಳಿದವಳು ನಾನು. ನಾನು ಸತ್ತಿಲ್ಲ" ಎಂದರು ಅತ್ತೆ.

ಬಸ್ಸಿಗೆ ಹೊರಟಾಗ ನಾದಿನಿ ನನ್ನನ್ನು ಬೇಲಿಯ ಬಳಿಗೆ ಕರೆದಳು. ಎಣ್ಣೆ ಹಚ್ಚಿದ ಋಣ ಇರಬೇಕು. "ಅತ್ತಿಗೆ, ಮೇಲೆ ಹೋದ ಕೂಡಲೇ ಅಮ್ಮ ಒಂದು ಎಲೆ ತೋರಿಸಿದ್ದರು. ಯಾರಿಗೂ ಹೇಳಬೇಡ ಎಂದಿದ್ದಾರೆ. ನಿಮಗೆ ಹೇಳಲಾ?"

ನಾನು ಬೇಲಿಗೆ ಒತ್ತಿ ನಿಂತೆ. "ಹೇಳು ಮಾರಾಯ್ತಿ."

ಅವಳು ಆಚೀಚೆ ನೋಡಿ, ಬಾತ ತುಟಿಯನ್ನು ನನ್ನ ಕಿವಿಗೆ ತಂದು ಹೇಳಿದಳು. "ಹಸಿರು ಬಣ್ಣದ್ದು."

ಪಡುಬಿದ್ರಿಯ ಅತ್ತೆ ಸೊಸೆ

ಎಲ್ಲರಿಗೂ ಅತ್ತೆ ಮದ್ದು ಕೊಡುತ್ತಿರಲಿಲ್ಲ, ಅದನ್ನೂ ಹೇಳಬೇಕು. ಒಬ್ಬ ಗಂಡಸನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದಿದ್ದರು, ಅವನಿಗೆ ಹೆಂಡತಿಯ ಗುರುತು ಸಿಗುತ್ತಿರಲಿಲ್ಲ. ಅತ್ತೆ ಸೊಪ್ಪಿನ ಸೆರಗನ್ನೇ ಬಿಚ್ಚಲಿಲ್ಲ. "ಇದು ನನ್ನಿಂದ ಆಗುವುದಲ್ಲ. ಆಸ್ಪತ್ರೆಗೆ ಹೋಗಿ, ಬಸ್ಸಿಗೆ ಕಾಯಬೇಡಿ, ಟ್ಯಾಕ್ಸಿ ಮಾಡಿ" ಎಂದು ಅಂಗಳದಿಂದಲೇ ತಿರುಗಿಸಿದರು.

ಮದ್ದು ಕೊಟ್ಟವರಿಗೆ ಪಥ್ಯ ಮಾತ್ರ ಕಠಿಣ. ಎಣ್ಣೆ ಕೂಡದು, ಮೀನು ಕೂಡದು, ಒಲೆಯ ಮುಂದೆ ಕೂರಕೂಡದು, ನೀರು ಸೇದಕೂಡದು, ಭಾರ ಎತ್ತಕೂಡದು. ಒಂದು ಮಂಡಲ, ಎಂದರೆ ನಲವತ್ತೆಂಟು ದಿನ, ಹಾಸಿಗೆ ಬಿಟ್ಟು ಏಳಕೂಡದು.

ಪಡುಬಿದ್ರಿಯಿಂದ ಮೀನು ಮಾರುವ ಒಬ್ಬಳು ಬಂದಿದ್ದಳು, ಸಣ್ಣ ಪ್ರಾಯದ ಸೊಸೆ. ಬುಟ್ಟಿ ಹೊತ್ತು ಹೊತ್ತು ಕುತ್ತಿಗೆ ಒಳಗೆ ಹೋಗಿತ್ತು, ಕಣ್ಣು ಅರಸಿನದ ಹಾಗಿತ್ತು. ಸೊಪ್ಪು ಕುಡಿಸಿ ಪಥ್ಯ ಹೇಳಿ ಕಳಿಸಿದೆವು. ಸ್ವಲ್ಪ ದಿನದಲ್ಲಿ ಅವಳ ಅತ್ತೆ ಜಗಳಕ್ಕೆಂದೇ ಬಸ್ಸಿಳಿದು ಬಂದಳು.

"ಎಂತ ಮದ್ದು ಅಮ್ಮ ನಿಮ್ಮದು? ಸೊಸೆ ಚಾಪೆಯ ಮೇಲೆ, ಬುಟ್ಟಿ ನನ್ನ ತಲೆಯ ಮೇಲೆ. ಇನ್ನೆಷ್ಟು ದಿನ?"

"ಮಂಡಲ ಮುಗಿಯಬೇಕು."

"ನಡುವೆ ಎಬ್ಬಿಸಿದರೆ ಎಂತ ಆಗುತ್ತದೆ?"

ಅತ್ತೆ ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿದರು. "ಅವಳಿಗೆ ಎಂತದೂ ಆಗುವುದಿಲ್ಲ. ಎದ್ದ ಮೇಲೆ ಕಾಮಾಲೆಗೆ ಇರಲಿಕ್ಕೆ ಜಾಗ ಬೇಕಲ್ಲ, ಎಬ್ಬಿಸಿದವರ ಕಣ್ಣಿಗೆ ಹೋಗಿ ಕೂರುತ್ತದೆ."

ಆ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡು ಮುಂದಿನ ಬಸ್ಸಿಗೆ ಹೋದಳು.

ಮಂಡಲ ಕಳೆದು ಸೊಸೆ ಬಂದಳು. ಗುರುತೇ ಸಿಗದ ಹಾಗೆ ಕೆನ್ನೆ ತುಂಬಿತ್ತು. "ಅತ್ತೆ ಬೆಳಿಗ್ಗೆ ಎದ್ದು ಮೊದಲು ಕನ್ನಡಿಯಲ್ಲಿ ಕಣ್ಣು ನೋಡಿಕೊಳ್ಳುತ್ತಿದ್ದರು, ಆಮೇಲೆ ನನಗೆ ಗಂಜಿ ತರುತ್ತಿದ್ದರು" ಎಂದಳು. ಬಾಳೆಹಣ್ಣು ಇಟ್ಟಳು, ಕಾಲಿಗೆ ಬಿದ್ದಳು, ಆದರೂ ಹೊರಡದೆ ಕಂಬ ಹಿಡಿದು ನಿಂತಳು.

"ಇನ್ನೆಂತ ಮಗಾ?" ಎಂದರು ಅತ್ತೆ.

"ಏನಿಲ್ಲ ಅಮ್ಮ. ಈ ಕಾಮಾಲೆ ಒಮ್ಮೆ ಬಂದು ಹೋದರೆ, ಮತ್ತೆ ಯಾವಾಗ ಬರುತ್ತದೆ?"

ಒಂದು ಮಂಡಲ

ಎಂಬತ್ತರ ದಶಕ ಅರ್ಧ ಕಳೆದಿರಬೇಕು, ಒಂದು ಮಳೆಗಾಲದಲ್ಲಿ ಅತ್ತೆ ಮಲಗಿದರು. ರೋಗ ಏನಲ್ಲ, ವಯಸ್ಸು. ಇನ್ನು ಏಳುವುದಿಲ್ಲ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಾನು ಗಂಜಿ ಕುಡಿಸುತ್ತಿದ್ದೆ, ಬಟ್ಟೆ ಬದಲಿಸುತ್ತಿದ್ದೆ, ಮನಸ್ಸಿನಲ್ಲಿ ಮಾತ್ರ ಒಂದೇ ಯೋಚನೆ. ಇವರು ಹೋದರೆ ಮದ್ದೂ ಹೋಯಿತು, ನಾನು ಅರೆಯುವವಳಾಗಿಯೇ ಉಳಿದೆ.

ಒಂದು ಮಧ್ಯಾಹ್ನ ಅತ್ತೆ, "ಬಾಗಿಲು ಹಾಕಿ ಬಾ" ಎಂದರು. ಹಾಕಿ ಬಂದು ಕಿವಿಯನ್ನು ಅವರ ಬಾಯಿಯ ಬಳಿಗೆ ತಂದೆ.

"ಮದ್ದಿನ ಎಲೆ ಯಾವುದೂ ಅಲ್ಲ" ಎಂದರು.

ಜ್ವರಕ್ಕೆ ಬಡಬಡಿಸುತ್ತಿದ್ದಾರೆ ಎಂದುಕೊಂಡೆ. ಹಣೆ ಮುಟ್ಟಿದರೆ ತಣ್ಣಗಿತ್ತು.

"ಆ ಮುಷ್ಟಿಯಲ್ಲಿ ಕೆಟ್ಟದ್ದು ಮಾಡುವ ಸೊಪ್ಪು ಇಲ್ಲ, ನೋಡಿಕೊಂಡು ತರುತ್ತಿದ್ದೆ. ಸ್ವಲ್ಪ ತಂಪು, ಅಷ್ಟೆ. ಗುಣ ಮಾಡುವುದು ಮಲಗುವುದು, ಹೊತ್ತಿಗೆ ಗಂಜಿ ಕುಡಿಯುವುದು. ನನ್ನ ತಾಯಿ ಹೇಳಿದ್ದೂ ಇಷ್ಟೇ."

"ಹಾಗಾದರೆ ಸೊಪ್ಪು ಯಾಕೆ ಅತ್ತೆ?"

"ಸೊಪ್ಪಿಲ್ಲದೆ ಯಾವ ಮನೆಯಲ್ಲಿ ಸೊಸೆಯನ್ನು ಮಲಗಲು ಬಿಡುತ್ತಾರೆ? ಸುಮ್ಮನೆ ಮಲಗಿದರೆ ಸೋಮಾರಿ. ಮದ್ದಿನ ಪಥ್ಯ ಎಂದರೆ ಅದೇ ಜನ ಗಂಜಿ ತಂದು ಎದುರಿಗೆ ಇಡುತ್ತಾರೆ. ಹೇಳಿದರೆ ಗುಣ ಹೋಗುತ್ತದೆ ಎಂದದ್ದು ಸುಳ್ಳಲ್ಲ. ಹೇಳಿ ನೋಡು, ನಾಳೆಯೇ ಎಲ್ಲರನ್ನೂ ಎಬ್ಬಿಸಿ ಬಾವಿಗೆ ಕಳಿಸುತ್ತಾರೆ."

ನಾನು ಗೋಡೆಗೆ ಒರಗಿ ಕೂತೆ. ಆ ಗುಡ್ಡದ ಒಂದೊಂದು ಸೊಪ್ಪನ್ನೂ ನಾನು ಮೂಸಿ, ನೆಕ್ಕಿ, ಕಣ್ಣು ಮುಚ್ಚಿದರೂ ಗುರುತು ಸಿಗುವ ಹಾಗೆ ಕಲಿತಿದ್ದೆ. ಯಾವುದು ಕೆಮ್ಮಿಗೆ, ಯಾವುದು ಗಾಯಕ್ಕೆ, ಯಾವುದು ಬಾಣಂತಿಗೆ ಎಲ್ಲ ತಿಳಿದಿತ್ತು. ಕಲಿಸಿದವರು ಯಾರೂ ಇಲ್ಲ, ಇಲ್ಲದ ಒಂದು ಎಲೆಯನ್ನು ಹುಡುಕುತ್ತಾ ಕಲಿತದ್ದು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆಮೇಲೆ ಒಂದು ನೆನಪಾಯಿತು.

"ಅತ್ತೆ, ನಾನು ಎರಡನೆಯ ಮಗುವನ್ನು ಹೆತ್ತ ವರ್ಷ ನನಗೂ ಕಾಮಾಲೆ ಬಂದಿತ್ತು. ಸೊಪ್ಪು ಕೊಟ್ಟಿರಿ. ಪಥ್ಯ ಹೇಳಲಿಲ್ಲ. ಅವತ್ತು ಸಂಜೆಯೇ ನೀರು ಸೇದಿದ್ದೇನೆ."

ಅತ್ತೆ ಮಾಡಿನ ಹಂಚಿನ ಕಡೆಗೆ ಕಣ್ಣು ಹೊರಳಿಸಿದರು. "ನಿನ್ನನ್ನೂ ಮಲಗಿಸಿದರೆ, ಬಂದವರಿಗೆ ಅರೆಯುವವರು ಯಾರು?" ಎಂದರು. ತಪ್ಪು ಮಾಡಿದವರ ದನಿಯಲ್ಲ ಅದು. ಮನೆಯ ಕಷ್ಟ ಹೇಳುವವರ ದನಿ.

ಅದೇ ವಾರ ಹೋದರು. ಕ್ರಿಯೆಗಳೆಲ್ಲ ಮುಗಿದು ನೆಂಟರು ಹೊರಟ ಮರುದಿನ, ಅಂಗಳದಾಚೆ ಯಾರೋ ಚಪ್ಪಲಿ ಬಿಟ್ಟು, ದನಿ ತಗ್ಗಿಸಿ "ಅಮ್ಮಾ" ಎಂದರು. ಎಷ್ಟು ವರ್ಷ ಕಾದ ಮಾತು, ಆದರೆ ಕೇಳಿದಾಗ ಸೊಂಟ ನೋಯುತ್ತಿತ್ತು. ಅವರಿಗೆ ಸೊಪ್ಪು ಕೊಟ್ಟು, ಪಥ್ಯ ಹೇಳಿ ಕಳಿಸಿದೆ. ಆಮೇಲೆ ಒಳಗೆ ಹೋಗಿ ಚಾಪೆ ಬಿಡಿಸಿದೆ.

ಸಂಜೆ ಅಂಗಡಿಯಿಂದ ಬಂದ ನಮ್ಮವರು, "ಎಂತ, ದೀಪ ಹಚ್ಚಿಲ್ಲ?" ಎಂದರು.

"ನನ್ನ ಕಣ್ಣು ಹಳದಿ ಆಗಿದೆ."

ಅವರು ದೀಪ ತಂದು ನೋಡಿದರು. "ನನಗೇನೂ ಕಾಣುವುದಿಲ್ಲ."

"ನಿಮಗೆ ಕಾಸರಕವೇ ಕಾಣಲಿಲ್ಲ" ಎಂದೆ.

ಅವರು ದೀಪವನ್ನು ಅಲ್ಲಿಟ್ಟು ಒಲೆ ಹಚ್ಚಲು ಹೋದರು. ಒಂದು ಮಂಡಲ ನಾನು ಏಳಲಿಲ್ಲ. ಮದುವೆಯಾಗಿ ಬಂದ ಮೇಲೆ ನಾನು ಹಗಲು ಮಲಗಿ ಮಾಡು ನೋಡಿದ್ದು ಅದೇ ಮೊದಲು. ಹಂಚಿನ ಸಂದಿಯಲ್ಲಿ ಅಳಿಲಿನ ಗೂಡು ಉಂಟೆಂದು ಆಗ ಗೊತ್ತಾಯಿತು. ನಮ್ಮವರು ಬೆಳಿಗ್ಗೆ ಸೊಪ್ಪು ಅರೆದರು, ನೀರು ಸೇದಿದರು, ಮಕ್ಕಳಿಗೂ ನನಗೂ ಗಂಜಿ ಬೇಯಿಸಿದರು. ಅದು ದಿನಾ ಅಡಿ ಹಿಡಿಯುತ್ತಿತ್ತು, ಆದರೂ ನನ್ನ ಎದುರಿಗೆ ಬಿಸಿಯಾಗಿ ಬರುತ್ತಿತ್ತು. ನಾದಿನಿ ನೋಡಲು ಬಂದವಳು ಅವಲಕ್ಕಿ ಸರ ಹಾಕಿಕೊಂಡೇ ಪಾತ್ರೆ ತೊಳೆದು ಹೋದಳು. ಎಬ್ಬಿಸಿದವರ ಕಣ್ಣಿಗೆ ಕಾಮಾಲೆ ಹೋಗುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತಲ್ಲ.

ಮಂಡಲ ಮುಗಿಯುವ ದಿನ ನಮ್ಮವರು ಅಡುಗೆಮನೆಯಿಂದ ಬಂದು ನನ್ನ ಚಾಪೆಯ ತುದಿಯಲ್ಲಿ ಕೂತರು. ಹೊಗೆಗೆ ಕಣ್ಣು ಕೆಂಡದ ಹಾಗೆ ಕೆಂಪಾಗಿತ್ತು.

"ನನಗೂ ಎಂತದೋ ಆದ ಹಾಗೆ ಉಂಟು. ಈಗ ಮದ್ದು ನಿನ್ನ ಕೈಯಲ್ಲಿ ಉಂಟಲ್ವಾ, ನನ್ನ ಕಣ್ಣು ಒಮ್ಮೆ ನೋಡು ಮಾರಾಯ್ತಿ."

ರೆಪ್ಪೆ ಎತ್ತಿ, ಅತ್ತೆ ನೋಡುತ್ತಿದ್ದ ಹಾಗೆಯೇ ನೋಡಿದೆ. "ಉಂಟು. ಹಳದಿ ಶುರುವಾಗಿದೆ."

ಅವರ ಮುಖ ಅರಳಿತು. "ಹಾಗಾದರೆ ನಾನೂ ಒಂದು ಮಂಡಲ ಮಲಗಬೇಕಾ?"

"ಬೇಡ" ಎಂದೆ. "ಗಂಡಸರಿಗೆ ಸೊಪ್ಪು ಮಾತ್ರ ಸಾಕು."